ಎತ್ತರ ಎಷ್ಟು ಎಂದು ಕೇಳಿದರೆ

ಹೆಣ್ಣು ನೋಡಲು ಬಂದವರು ಹುಡುಗಿಗೆ ಅಡಿಗೆ ಬರುತ್ತದೆಯೇ ಎಂದು ಕೇಳಿದರೆ, ಆ ಮನೆಯ ಅತ್ತೆಗೆ ಅಡಿಗೆ ಬರುವುದಿಲ್ಲ ಎಂದು ಅರ್ಥ. ಹಾಡುತ್ತಾಳೆಯೇ ಎಂದು ಕೇಳಿದರೆ, ಆ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ಕೇಳುವವರು ನಮ್ಮನ್ನು ಅಳೆಯುತ್ತಿದ್ದೇವೆ ಅಂದುಕೊಂಡಿರುತ್ತಾರೆ. ನಿಜವಾಗಿ ತಮ್ಮ ಮನೆಯ ಸೂರು ಎಲ್ಲಿ ಸೋರುತ್ತಿದೆ ಎಂದು ನಮಗೆ ತೋರಿಸುತ್ತಿರುತ್ತಾರೆ. ತಂಗಿಯರ ಮದುವೆ ಮಾಡಿಸುತ್ತ ಮೈಸೂರಿನಲ್ಲಿ ಕಲಿತ ಈ ವಿದ್ಯೆಯನ್ನು ನಾನು ಹಾಲೆಂಡಿನ ಯುಟ್ರೆಕ್ಟ್‌ನಲ್ಲಿ ಫುಟ್‌ಬಾಲಿಗೆ ಬಳಸಿದೆ.

1998ರ ಬೇಸಿಗೆ. ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆಂದು ಹೆದರಿದ ಡಚ್ಚರು ನಮ್ಮಂಥವರನ್ನು ಬೆಂಗಳೂರಿನಿಂದ ಕರೆಸಿಕೊಂಡಿದ್ದರು. ಆ ಆಫೀಸಿನ ದೊಡ್ಡ ಸಾಹೇಬ ಕೆಲವು ವರ್ಷ ಅಮೆರಿಕದಲ್ಲಿದ್ದು ಬಂದವನು. ಅಲ್ಲಿಂದ ಅವನು ಡ್ರಾಫ್ಟ್ ಎಂಬ ಪದ್ಧತಿಯನ್ನು ಹೊತ್ತು ತಂದಿದ್ದ. ಒಂದು ಶನಿವಾರ ನಡೆಯುವ ಆಫೀಸಿನ ಬೇಸಿಗೆ ಪಂದ್ಯಾವಳಿಗೆ ಮೂರು ತಂಡ. ಹೊಸದಾಗಿ ಬಂದವರನ್ನು ಮೂವರು ನಾಯಕರು ಮೊದಲು ಒಬ್ಬೊಬ್ಬರಾಗಿ ಸಂದರ್ಶನ ಮಾಡಬೇಕು. ಆಮೇಲೆ ಸರದಿಯ ಪ್ರಕಾರ ಹೆಸರು ಕೂಗಿ ಆರಿಸಿಕೊಳ್ಳಬೇಕು. ನೋಟಿಸಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದಿತ್ತು. ಸ್ವಾಗತ ಎಂದರೆ ಹಾಜರಿ ಎಂದು ಯಾರೂ ಹೇಳದೆಯೇ ನಮಗೆ ಗೊತ್ತಾಯಿತು.

ನೋಟಿಸು ಓದಿದ ಶಿವಪ್ರಸಾದ್ ಊಟದ ಡಬ್ಬಿ ಮುಚ್ಚಿಟ್ಟುಬಿಟ್ಟ. ಗದಗಿನ ಹುಡುಗ. ಎಷ್ಟು ಎತ್ತರವೆಂದರೆ, ಅವನು ಸೀನಿದರೆ ಶಬ್ದ ನಮ್ಮ ಕಿವಿಗೆ ಇಳಿದು ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

“ಅವತ್ತ ಶನಿವಾರ ದೀಕ್ಷಾ ಬರಾಕತ್ತಾಳ್ರಿ ಸರ, ಕೂಸಿನ್ನ ಕರ್ಕೊಂಡು,” ಎಂದ. ದೀಕ್ಷಾ ಅವನ ಹೆಂಡತಿ. “ನಾ ಇನ್ನ ನನ್ನ ಮಗಳ ಮಾರಿ ನೋಡಿಲ್ಲ. ಬರೇ ಫೋಟೋ ನೋಡೇನಿ. ವಿಮಾನದಿಂದ ಇಳಿದು ಹೊರಗ ಬಂದಾಗ ಬಾಗಲಾಗ ನೀವ ನಿಂತಿರ್ಬೇಕು, ಇಲ್ಲಾಂದ್ರ ಅದೇ ವಿಮಾನ ಹತ್ತಿ ವಾಪಸ್ ಹೋಗ್ತೀನಿ ಅಂದಾಳ.”

“ಹೋಗ್ತಾರಾ?”

“ಅಕಿ ಅಂದಿದ್ದು ಮಾಡ್ತಾಳ್ರಿ.”

ಇದನ್ನು ಆಫೀಸಿನಲ್ಲಿ ನೇರವಾಗಿ ಹೇಳಿಬಿಡುವ ವಿಚಾರ ನಮ್ಮ ತಲೆಗೆ ಬರಲಿಲ್ಲವೆಂದಲ್ಲ. ಬಂತು, ಒಳಗಿನ ಪರಿಸ್ಥಿತಿ ನೋಡಿ ಹೆದರಿ ವಾಪಸು ಹೋಯಿತು. ಕ್ಲೈಂಟ್ ಮುಂದೆ ‘ಇಲ್ಲ’ ಎಂಬ ಶಬ್ದ ಬಾಯಿಂದ ಬೀಳಬಾರದು ಎಂದು ಬೆಂಗಳೂರಿನಲ್ಲಿ ನಮಗೆ ಒಂದು ವಾರ ತರಬೇತಿ ಕೊಟ್ಟು ಕಳಿಸಿದ್ದರು. ಅಲ್ಲದೆ ಶಿವಪ್ರಸಾದನ ಕೆಲಸದ ಪರ್ಮಿಟ್ಟು ನವೀಕರಣಕ್ಕೆ ಬಂದಿತ್ತು. ಅದಕ್ಕೆ ಸಹಿ ಹಾಕಬೇಕಾದವನು ದೊಡ್ಡ ಸಾಹೇಬನೇ.

“ನೋಡು,” ಎಂದೆ, “ಯಾರೂ ಆರಿಸದೇ ಇದ್ರೆ ನೀನು ಫ್ರೀ. ಸಂದರ್ಶನದಲ್ಲಿ ಅವರು ಏನು ಕೇಳ್ತಾರೋ ಅದೇ ಅವರ ಹತ್ರ ಇಲ್ಲ ಅಂತ ಅರ್ಥ. ಎಡಗಾಲಲ್ಲಿ ಒದೀತೀಯಾ ಅಂದ್ರೆ ಎಡಗಡೆ ಆಡೋರಿಲ್ಲ. ಎತ್ತರ ಎಷ್ಟು ಅಂದ್ರೆ ಗೋಲ್‌ಕೀಪರ್ ಇಲ್ಲ. ಕೇಳಿದ್ದಕ್ಕೆ ಬರಲ್ಲ ಅನ್ನು, ಎದ್ದು ಬಾ. ಎಲ್ಲಿ, ಅನ್ನು ನೋಡೋಣ.”

“ಬರ...” ಎಂದು ಅವನು ಬಾಯಿ ತೆರೆದ. ಕತ್ತಿನ ನರ ಉಬ್ಬಿತು. “ನೋ ಪ್ರಾಬ್ಲಮ್.”

“ಶಿವಪ್ರಸಾದಾ!”

“ಆಗವಲ್ದರೀ ಸರ. ಅರ್ಧಾ ಬರತೈತಿ, ಆಮ್ಯಾಲ ತಾನ ತಿರಗತೈತಿ.”

ಸಂದರ್ಶನ ನಡೆದದ್ದು ಕ್ಯಾಂಟೀನಿನ ಪಕ್ಕದ ಗಾಜಿನ ಕೋಣೆಯಲ್ಲಿ. ಹೊರಗಿನಿಂದ ಎಲ್ಲ ಕಾಣಿಸುತ್ತಿತ್ತು; ಮೀನಿನ ತೊಟ್ಟಿಯ ಮುಂದೆ ಕುಳಿತಂತೆ ನಾನು ಕಾಫಿ ಹಿಡಿದು ಕುಳಿತೆ. ಮೊದಲು ಅಕೌಂಟ್ಸಿನ ಮರೈಕೆ. ಅವಳು ತನ್ನ ಎಡಗಾಲು ತಟ್ಟಿ ಏನೋ ಕೇಳಿದಳು. ಶಿವಪ್ರಸಾದ್ ಹೂಂ ಎಂದು ಗೋಣು ಹಾಕಿದ. ಎರಡನೆಯ ನಾಯಕ ಬೆವರೊರೆಸುವ ಅಭಿನಯ ಮಾಡಿ ಕೇಳಿದ. ಪೂರ್ತಿ ಆಟ ಓಡುವವರಿಲ್ಲ ಎಂದಾಯಿತು. ಅದಕ್ಕೂ ಶಿವಪ್ರಸಾದ್ ಗೋಣು ಹಾಕಿದ. ಮೂರನೆಯವನು ಯೋಸ್ಟ್, ನಮ್ಮದೇ ವಿಭಾಗದವನು. ಅವನು ಅಂಗೈಯನ್ನು ನೆತ್ತಿಯ ಮೇಲೆತ್ತಿ ಎತ್ತರ ಕೇಳಿದ, ಕೈ ಚಾಚಿಸಿ ನೋಡಿದ, ಮತ್ತೆ ಎತ್ತರ ಕೇಳಿದ. ಪಾಪ, ಗೋಲಿನಲ್ಲಿ ನಿಲ್ಲಲು ಒಂದು ನರಪಿಳ್ಳೆಯೂ ಇಲ್ಲ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಯೋಸ್ಟ್ ಮೇಜಿನ ಮೇಲಿದ್ದ ಸೇಬನ್ನು ತಟ್ಟನೆ ಎಸೆದ.

ಬಿಡು, ಬಿಡು ಎಂದು ನಾನು ಗಾಜಿನ ಈಚೆಯಿಂದ ಬಾಯಿ ಬಡಿದುಕೊಂಡೆ. ಶಿವಪ್ರಸಾದ್ ಒಂದೇ ಕೈಯಲ್ಲಿ ಹಿಡಿದ. ಅಷ್ಟೇ ಅಲ್ಲ, ಅಂಗಿಗೆ ಒರೆಸಿ, ಎರಡೂ ಕೈಯಲ್ಲಿ ವಾಪಸು ಕೊಟ್ಟ.

“ತಿನ್ನೋ ಪದಾರ್ಥ ನೆಲಕ್ಕ ಹೆಂಗ ಬಿಡ್ಲಿರಿ?” ಎಂದ ಹೊರಗೆ ಬಂದು.

ನನ್ನ ಸಂದರ್ಶನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೂವರೂ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಕಾಫಿ?”

ಡ್ರಾಫ್ಟಿನ ದಿನ ಮೊದಲ ಸರದಿ ಯೋಸ್ಟ್‌ನದು. ಮೊದಲು ಕೂಗಿದ ಹೆಸರು ಶಿವಪ್ರಸಾದನದು. ಮರೈಕೆ ಮೇಜು ಗುದ್ದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವಪ್ರಸಾದ್ ಎದ್ದು, ಮರಣದಂಡನೆಯಾದ ಸಂಭಾವಿತನಂತೆ ಥ್ಯಾಂಕ್ಯೂ ಹೇಳಿ ಕೂತ. ಕೊನೆಯ ಸುತ್ತಿನಲ್ಲಿ, ಬೇರೆ ಯಾರೂ ಉಳಿದಿಲ್ಲದ ಕಾರಣ, ಯೋಸ್ಟ್ ನನ್ನನ್ನೂ ತೆಗೆದುಕೊಂಡು ನೀರಿನ ಬಾಟಲಿಗಳ ಉಸ್ತುವಾರಿ ವಹಿಸಿದ.

ಮೈದಾನ ಇದ್ದದ್ದು ಬಾಡ್‌ಹೂವೆಡಾರ್ಪ್‌ನಲ್ಲಿ, ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕದ ಹಳ್ಳಿ. ವಿಮಾನಗಳು ಗೋಲುಕಂಬದ ನೆತ್ತಿ ಸವರಿಕೊಂಡು ಇಳಿಯುತ್ತವೆ. ಅಲ್ಲಿನ ಗಾಳಿಯ ಬಗ್ಗೆ ಹೇಳಿದರೆ ನೀವು ನಂಬುವುದಿಲ್ಲ. ಹಿಂದಿನ ವರ್ಷ ಲೈನ್ಸ್‌ಮನ್ ಒಬ್ಬ ಬಾವುಟದ ಸಮೇತ ಹಾರಿ ಪಕ್ಕದೂರಿನ ಪಂದ್ಯದಲ್ಲಿ ಇಳಿದನಂತೆ. ಇಳಿದವನು ಸುಮ್ಮನಿರದೆ ಅಲ್ಲೂ ಆಫ್‌ಸೈಡ್ ಕೊಟ್ಟ.

ದೀಕ್ಷಾಳ ವಿಮಾನ ಮಧ್ಯಾಹ್ನಕ್ಕಿತ್ತು. ಬೆಳಗಿನ ಪಂದ್ಯ ಸೋತರೆ ಮನೆಗೆ ಹೋಗಬಹುದು; ಗೆದ್ದರೆ ಮಧ್ಯಾಹ್ನ ಮರೈಕೆಯ ತಂಡದೊಂದಿಗೆ ಫೈನಲ್. ಆದ್ದರಿಂದ ದಾರಿ ಸರಳವಾಗಿತ್ತು.

“ಒಂದೆರಡು ಒಳಗೆ ಬಿಟ್ಬಿಡು,” ಎಂದು ನಾನು ಬಲೆಯ ಹಿಂದೆ ಬಾಟಲಿಗಳೊಂದಿಗೆ ಕೂತು ಪಿಸುಗುಟ್ಟಿದೆ.

“ಹೂಂರಿ,” ಎಂದು ಅವನು ಎಡಕ್ಕೆ ಸರಿದು ಬಲಗಡೆ ಇಡೀ ಬಾಗಿಲು ತೆರೆದಿಟ್ಟ. ಗಾಳಿ ಚೆಂಡನ್ನು ಎಡಕ್ಕೆ ತಿರುಗಿಸಿ ಅವನ ಎದೆಗೆ ತಂದು ಕೊಟ್ಟಿತು. ಬಲಕ್ಕೆ ಸರಿದ, ಚೆಂಡೂ ಹಿಂದೆಯೇ ಬಂತು. ಬೂಟಿನ ಲಾಡಿ ಕಟ್ಟುವ ನೆಪದಲ್ಲಿ ಬಗ್ಗಿದರೆ ಚೆಂಡು ಬೆನ್ನಿಗೆ ಬಡಿದು ಎದುರು ತಂಡದ ಗೋಲಿನವರೆಗೆ ಹಾರಿ ಒಳಗೆ ಬಿತ್ತು. ಗೆದ್ದೆವು. ಯೋಸ್ಟ್ ಅವನ ಕೆನ್ನೆಗೆ ಮುತ್ತು ಕೊಟ್ಟ.

ಫೈನಲ್ ಶುರುವಾದಾಗ ಶಿವಪ್ರಸಾದ್ ಎರಡು ಕಂಬಗಳ ನಡುವೆ, ಆ ಕಡೆಯಿಂದ ಈ ಕಡೆಗೆ, ಬೋನಿನ ಪ್ರಾಣಿಯ ಹಾಗೆ ಓಡಾಡತೊಡಗಿದ. ಹಿಂದೆ ಬಲೆ, ಮುಂದೆ ಮರೈಕೆ, ಮೇಲೆ ವಿಮಾನ. ಒಂದೊಂದು ವಿಮಾನ ಇಳಿದಾಗಲೂ ಕತ್ತೆತ್ತಿ ಬಾಲದ ಬಣ್ಣ ನೋಡುತ್ತಿದ್ದ.

“ಅದೇ ವಿಮಾನ ರೀ ಸರ,” ಎಂದ ಒಮ್ಮೆ. ಗ್ಲೌಸು ಹಾಕಿದ ಎರಡೂ ಕೈ ಮೇಲಕ್ಕೆ ಹೋಗಿದ್ದವು. ಆ ಕೈಗೂ ಒಂದು ಚೆಂಡು ಬಂದು ಬಡಿಯಿತು. ಮೈದಾನವೆಲ್ಲ ಕೂಗಿತು. ಅವನಿಗೆ ಕೇಳಿಸಲಿಲ್ಲ.

ವಿರಾಮದಲ್ಲಿ ಯೋಸ್ಟ್ ನೀರಿಗೆ ಬಂದ. “ನೀನು ಯಾಕೆ ಮೇಲೇ ನೋಡ್ತೀಯ? ಈಗ ಬೇರೆ ಅಳ್ತಿದೀಯ,” ಎಂದು ಶಿವಪ್ರಸಾದನನ್ನು ಕೇಳಿದ.

ನಾನು ಗಾಳಿಯ ಮೇಲೆ ತಪ್ಪು ಹೊರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಶಿವಪ್ರಸಾದನೇ ಹೇಳಿದ: “ಈಗ ಇಳಿದ ವಿಮಾನದಲ್ಲಿ ನನ್ನ ಮಗಳಿದಾಳೆ. ನಾನು ಅವಳನ್ನ ಇನ್ನೂ ನೋಡಿಲ್ಲ.”

ಯೋಸ್ಟ್ ಬಾಟಲಿ ಕೆಳಗಿಟ್ಟ. “ಮತ್ತೆ ಇಲ್ಲೇನು ಮಾಡ್ತಿದೀಯ?”

“ನೀವು ಆರಿಸಿದ್ರಿ.”

“ನಮಗೆ ಗೋಲ್‌ಕೀಪರ್ ಇರಲಿಲ್ಲ, ಕೇಳಿದ್ವಿ. ಆಗಲ್ಲ ಅನ್ನಬಹುದಿತ್ತಲ್ಲ. ಇದು ಆಟ ಕಣಯ್ಯ!”

ಶಿವಪ್ರಸಾದ್ ನಿಧಾನವಾಗಿ ತಿರುಗಿ ನನ್ನನ್ನು ನೋಡಿದ. ನಾನು ಬಾಟಲಿಗಳನ್ನು ಎಣಿಸಿದೆ.

ಯೋಸ್ಟ್ ತನ್ನ ಸೈಕಲ್ಲಿನ ಕೀಲಿ ಕೊಟ್ಟು ದಾರಿ ತೋರಿಸಿದ. ಶಿವಪ್ರಸಾದ್ ಗ್ಲೌಸು ಬಿಚ್ಚಲೂ ಇಲ್ಲ. ಕಿತ್ತಳೆ ಜರ್ಸಿ, ಮೊಣಕಾಲಿಗೆ ಕೆಸರು. ಎಷ್ಟು ಜೋರಾಗಿ ತುಳಿದನೆಂದರೆ ಕಾಲುವೆಯ ನೀರು ಸ್ವಲ್ಪ ದೂರ ಅವನ ಹಿಂದೆಯೇ ಓಡಿ, ಆಮೇಲೆ ನಾಚಿಕೊಂಡು ತನ್ನ ಜಾಗಕ್ಕೆ ಮರಳಿತು.

ಯೋಸ್ಟ್ ಖಾಲಿ ಗೋಲನ್ನು ನೋಡಿದ. ತಂಡದವರನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ತ್ಯಾಗರಾಜ,” ಎಂದ, “ನಿನ್ನ ಎತ್ತರ ಎಷ್ಟು?”

ಆ ಪ್ರಶ್ನೆಯ ಅರ್ಥ ಇಡೀ ಹಾಲೆಂಡಿನಲ್ಲಿ ನನಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಬರಲ್ಲ ಎಂದು ಹೇಳಲು ಬಾಯಿ ತೆರೆದೆ. ಅರ್ಧ ಬಂತು. ಆಮೇಲೆ ತಾನೇ ತಿರುಗಿತು.

“ನೋ ಪ್ರಾಬ್ಲಮ್,” ಎಂದೆ.

ಅಲ್ಲಿಂದ ಮುಂದೆ ಗಾಳಿ ಯಾಕೋ ದಿಕ್ಕು ಬದಲಿಸಿತು. ಮರೈಕೆಯ ಚೆಂಡುಗಳು ಸಾಲುಗಟ್ಟಿ ಬಂದು ನನ್ನನ್ನು ಮಾತಾಡಿಸದೆ ಒಳಗೆ ಹೋದವು. ಕೊನೆಯದರ ಜೊತೆ ನಾನೂ ಹೋದೆ. ಕಾಲು ಬಲೆಯ ಒಂದು ಕಣ್ಣಲ್ಲಿ, ಕೈ ಇನ್ನೊಂದರಲ್ಲಿ ಸಿಕ್ಕಿ ಮಲಗಿದ್ದಾಗ ಸೈಕಲ್ ತಳ್ಳಿಕೊಂಡು ಶಿವಪ್ರಸಾದ್ ಬರುವುದು ಕಾಣಿಸಿತು. ಕ್ಯಾರಿಯರಿನ ಮೇಲೆ ಸೂಟ್‌ಕೇಸು, ಪಕ್ಕದಲ್ಲಿ ಸೀರೆಯ ಮೇಲೆ ಸ್ವೆಟರ್ ಹಾಕಿದ ಹೆಂಗಸು. ಅವಳ ಹೆಗಲ ಮೇಲಿದ್ದ ಮಗು ಅವನ ಗ್ಲೌಸಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಕೈ ಬಿಡಿಸಿಕೊಳ್ಳಲಾಗದೆ ಶಿವಪ್ರಸಾದ್ ಒಂದೇ ಕೈಯಲ್ಲಿ ಸೈಕಲ್ ಹಿಡಿದು ವಾಲಿಕೊಂಡು ನಡೆಯುತ್ತಿದ್ದ.

“ಬಲಿಯಾಗ ಸಿಕ್ಕೊಂಡಾರಲ್ಲ, ಅವ್ರ್ಯಾರ್ರೀ?” ಎಂದಳು ದೀಕ್ಷಾ.

“ತ್ಯಾಗರಾಜ ಸರ್. ಫೋನಿನ್ಯಾಗ ಹೇಳಿದ್ದೆನಲ್ಲ, ಭಾಳ ತಿಳಿದವರು.”

“ಬಿಡಸ್ರಿ ಮತ್ತ.”

“ತಡೀ, ಕೂಸು ಬೆರಳ ಬಿಡ್ಲಿ,” ಎಂದ ಶಿವಪ್ರಸಾದ್. ಕೂಸು ಬಿಡುವ ಲಕ್ಷಣ ಕಾಣಲಿಲ್ಲ.