ನಿದ್ದೆಗೆ ಹೆದರಿದ ಸಿಪ್ರೋಸಾ

ಊಟಕ್ಕೆ ಕೂತ ಮೊಮ್ಮಗಳು ತಟ್ಟೆಯ ಮುಂದೆಯೇ ತೂಕಡಿಸಿದ್ದನ್ನು ನೋಡಿ ಸಿಪ್ರೋಸಾಳ ಎದೆ ಧಸಕ್ಕೆಂದಿತು. ಮುದ್ದೆ ಮುರಿದ ಕೈ ಒಣಮೀನಿನ ಸಾರಿನಲ್ಲೇ ಇತ್ತು, ಕಣ್ಣು ಮಾತ್ರ ಮುಚ್ಚಿಹೋಗಿತ್ತು. ಅದೋಯೊಗೆ ಹನ್ನೊಂದು ತುಂಬಿತ್ತು. ಈ ಮಳೆಗಾಲದಲ್ಲಿ ಹುಡುಗಿ ಎಷ್ಟು ಉದ್ದವಾಗಿದ್ದಳೆಂದರೆ ಶಾಲೆಯ ಲಂಗ ಮಂಡಿ ಬಿಟ್ಟು ಮೇಲೇರಿತ್ತು. ಆದರೆ ಲಂಗ ನೋಡುವ ವ್ಯವಧಾನ ಮುದುಕಿಗೆಲ್ಲಿತ್ತು? ಅವಳಿಗೆ ಕಂಡಿದ್ದು ಆ ತೂಕಡಿಕೆ ಒಂದೇ.

ಲಾಂಬ್ವೆ ಕಣಿವೆಯ ಮುದುಕರಿಗೆ ನಿದ್ದೆ ಅಂದರೆ ಬರೀ ನಿದ್ದೆಯಲ್ಲ. ಪೊದೆಯ ನೊಣ ಕಚ್ಚಿ, ಜ್ವರ ಬಂದು, ಹಗಲೆಲ್ಲ ಮಂಪರು ಹಿಡಿದು, ಕೊನೆಗೆ ಏಳದೆಯೇ ಹೋದವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಈಗ ಸರ್ಕಾರದವರು ಪೊದೆಗಳ ನಡುವೆ ನೀಲಿ ಬಟ್ಟೆಯ ಬೋನು ಕಟ್ಟಿ ನೊಣ ಹಿಡಿಯುತ್ತಾರೆ, ಆ ರೋಗ ಹೋಯಿತು ಅನ್ನುತ್ತಾರೆ. ಅನ್ನುವುದಕ್ಕೆ ಅವರಿಗೇನು ಕಷ್ಟ! ಸಿಪ್ರೋಸಾಳ ತಮ್ಮ ಒಗೋಲಾ ಕೂಡ ಹೀಗೆಯೇ, ಇದೇ ವಯಸ್ಸಿನಲ್ಲಿ, ಊಟದ ಮುಂದೆ ತೂಕಡಿಸಿದ್ದ. ‘ಬೆಳೆಯೋ ಹುಡುಗ, ಮಲಗ್ಲಿ ಬಿಡಿ’ ಅಂದಿದ್ದರು ಮನೆಯ ದೊಡ್ಡವರು. ಎಲ್ಲರೂ ಬಿಟ್ಟರು. ಮಳೆ ನಿಲ್ಲುವ ಹೊತ್ತಿಗೆ ಅವನನ್ನು ಅಂಗಳದ ಪಕ್ಕದಲ್ಲೇ ಮಣ್ಣು ಮಾಡಿದ್ದಾಯಿತು.

ಮೊಮ್ಮಗಳು ತೂಕಡಿಸಿದ ಆ ದಿನದಿಂದ ಮುದುಕಿ ರಾತ್ರಿ ಅವಳನ್ನು ಎಬ್ಬಿಸಲು ಶುರು ಮಾಡಿದಳು. ಬುದ್ಧಿ ಬಂದ ಹೆಣ್ಣುಮಕ್ಕಳು ಅಪ್ಪ ಅಮ್ಮ ಮಲಗುವ ಮನೆಯಲ್ಲಿ ಮಲಗುವ ಹಾಗಿಲ್ಲವಲ್ಲ, ಅಂಗಳದಾಚೆಯ ಅಜ್ಜಿಯ ಗುಡಿಸಲೇ ಅವರ ಠಾವು. ಹಾಗಾಗಿ ಇದು ಯಾರ ಕಣ್ಣಿಗೂ ಬೀಳಲಿಲ್ಲ.

“ಏಯ್ ಅದೋಯೊ, ಏಳೇ. ನಿನ್ನ ಹೆಸರೇನು ಹೇಳು.”

“ಅದೋಯೊ...”

“ನಿಮ್ಮಮ್ಮನ ಹೆಸರು?”

“ಬೆರಿಲ್... ಅಜ್ಜೀ, ಬಿಡೇ...”

ಏಳುತ್ತಾಳೆ, ಹೆಸರು ಹೇಳುತ್ತಾಳೆ, ಜೀವಂತ ಇದ್ದಾಳೆ! ಸಿಪ್ರೋಸಾ ಉಸ್ಸಪ್ಪಾ ಅಂತ ತನ್ನ ಚಾಪೆಗೆ ಮರಳುತ್ತಿದ್ದಳು. ಅರೆಗಳಿಗೆ ಕಳೆಯುವುದರೊಳಗೆ ಮತ್ತೆ ಅದೇ ಭಯ. ಬೆಳಗಾದರೆ ಹುಡುಗಿಗೆ ಇದ್ಯಾವುದೂ ನೆನಪಿರುತ್ತಿರಲಿಲ್ಲ. ಮೈಕೈ ನೋವು ಅನ್ನುತ್ತಿದ್ದಳು, ಗಂಜಿ ಅರ್ಧಕ್ಕೇ ಬಿಡುತ್ತಿದ್ದಳು, ಮಾತೆತ್ತಿದರೆ ಸಿಡುಕುತ್ತಿದ್ದಳು.

ಬರಬರುತ್ತಾ ಹುಡುಗಿಯ ಸ್ಥಿತಿ ಕೆಟ್ಟಿತು. ನೀರಿಗೆ ಹೋದವಳು ಕ್ಯಾನಿಗೆ ಒರಗಿ ದಾರಿಯಲ್ಲೇ ನಿದ್ದೆಹೋದಳು. ಲೆಕ್ಕದ ಪರೀಕ್ಷೆಯಲ್ಲಿ ಹಾಳೆಯ ಮೇಲೆ ಜೊಲ್ಲು ಸುರಿಸಿ ಬಂದಳು. ಬೆರಿಲ್ ಇದು ಜಂತುಹುಳ ಅಂದು ಮಾತ್ರೆ ನುಂಗಿಸಿದಳು, ಏನೂ ಆಗಲಿಲ್ಲ. ಸಿಪ್ರೋಸಾ ಕಹಿಸೊಪ್ಪು ಅರೆದು ಕುಡಿಸಿದಳು. ಹುಡುಗಿ ಅದನ್ನು ಕಕ್ಕಿ, ಕಕ್ಕಿದ ಜಾಗದಲ್ಲೇ ಮಲಗಿದಳು. ಚರ್ಚಿನ ಹೆಂಗಸರು ಬಂದು ಸುತ್ತ ನಿಂತು ಅಷ್ಟು ಜೋರಾಗಿ ಪ್ರಾರ್ಥನೆ ಮಾಡಿದರು, ಅದರ ನಡುವೆಯೇ ಗೊರಕೆ ಹೊಡೆದಳು, ಪುಣ್ಯಾತ್ಗಿತ್ತಿ! ಮದ್ದೆಲ್ಲ ಯಾಕೆ ಸೋಲುತ್ತಿದೆ ಅನ್ನುವುದೇ ಸಿಪ್ರೋಸಾಳಿಗೆ ತಿಳಿಯಲಿಲ್ಲ. ತಾನು ಇಷ್ಟು ಕಾಯುತ್ತಿದ್ದೇನೆ, ರೋಗ ಯಾವ ಕಿಂಡಿಯಿಂದ ನುಗ್ಗುತ್ತಿದೆ? ದಿಕ್ಕು ತೋಚದೆ ಇನ್ನೂ ಹೆಚ್ಚು ಸಲ ಎಬ್ಬಿಸತೊಡಗಿದಳು.

ಕೊನೆಗೆ ಅತ್ತೆ ಸೊಸೆ ಇಬ್ಬರೂ ಹುಡುಗಿಯನ್ನು ನಡುವೆ ಕೂರಿಸಿಕೊಂಡು ಬಾಡಿಗೆ ಬೈಕಿನಲ್ಲಿ ಆಸ್ಪತ್ರೆಗೆ ಹೋದರು. ಅಲ್ಲಿದ್ದ ಓಮೊಲೊ ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಅದೋಯೊಳ ಕತ್ತಿನ ಹಿಂದೆ ಆ ರೋಗದ ಗಂಟು ಇದೆಯೇ ಎಂದು ತಡಕಿದ, ಬೆರಳು ಚುಚ್ಚಿ ರಕ್ತ ತೆಗೆದ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದ.

“ಏನೂ ಇಲ್ಲಮ್ಮ. ಆ ರೋಗ ಅಲ್ಲ ಇದು.”

“ಸರಿಯಾಗಿ ನೋಡಪ್ಪಾ. ಕಣ್ತಪ್ಪಿರುತ್ತೆ,” ಅಂದಳು ಸಿಪ್ರೋಸಾ.

“ಎರಡು ಸಲ ನೋಡ್ದೆ. ಮಲೇರಿಯಾನೂ ಇಲ್ಲ. ರಾತ್ರಿ ನಿದ್ದೆ ಹೇಗಿದೆ ಇವಳಿಗೆ?”

“ಅಯ್ಯೋ, ಅದೇ ನನ್ನ ಹೊಟ್ಟೆ ಉರಿ! ಎಷ್ಟು ಸಲ ಎಬ್ಬಿಸಿದ್ರೂ ಮತ್ತೆ ಬಿದ್ಕೋತಾಳೆ.”

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. “ಎಬ್ಬಿಸ್ತೀರಾ? ಎಷ್ಟು ಸಲ?”

“ಅದನ್ಯಾರು ಲೆಕ್ಕ ಇಡ್ತಾರೆ? ನಂಗೆ ಎಚ್ಚರ ಆದಾಗೆಲ್ಲ. ಈ ವಯಸ್ಸಲ್ಲಿ ನಂಗೆಲ್ಲಪ್ಪ ನಿದ್ದೆ ಬರುತ್ತೆ?”

ಬೆರಿಲ್ ಅತ್ತೆಯ ಕಡೆಗೆ ತಿರುಗಿದಳು. ಅವಳ ಬಾಯಿ ತೆರೆದೇ ಇತ್ತು. ಡಾಕ್ಟರು ನಗಲಿಲ್ಲ, ಅದೊಂದು ದೊಡ್ಡ ಗುಣ. ಮಕ್ಕಳು ನಿದ್ದೆಯಲ್ಲೇ ಬೆಳೆಯುವುದು, ಮುದುಕರ ನಿದ್ದೆಯ ಅಳತೆಯಲ್ಲಿ ಮಕ್ಕಳ ನಿದ್ದೆ ಅಳೆಯಬಾರದು, ಇನ್ನೆರಡು ವರ್ಷ ಹೋದರೆ ಹೊತ್ತು ಏರಿದರೂ ಇವಳು ಏಳದಿರಬಹುದು, ಗಾಬರಿ ಬೀಳಬೇಡಿ ಅಂತೆಲ್ಲ ಮೆಲ್ಲಗೆ ಹೇಳಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

“ಬೆಳೆಯೋ ಹುಡುಗಿ ಅಮ್ಮಾ. ಮಲಗ್ಲಿ ಬಿಡಿ.”

ಸಿಪ್ರೋಸಾ ಧಡಕ್ಕನೆ ಎದ್ದು ನಿಂತಳು. “ಏನಂದೆ? ಇನ್ನೊಂದ್ಸಲ ಹೇಳು! ಇದೇ ಮಾತು ಕೇಳಿ ನನ್ನ ತಮ್ಮನ್ನ ಮಣ್ಣಿಗೆ ಹಾಕಿದೀವಿ ಕಣೋ! ನೀನ್ಯಾವ ಸೀಮೆ ಡಾಕ್ಟರು? ನಿಂಗೆ ಓದ್ಸಿದ್ಯಾರು?” ಹೊರಗೆ ಕೂತಿದ್ದ ರೋಗಿಗಳೆಲ್ಲ ಬಾಗಿಲಿಗೆ ಬಂದು ಇಣುಕಿದರು. ಇಷ್ಟು ಗದ್ದಲದಲ್ಲೂ ಅದೋಯೊ ಬೆಂಚಿನ ಮೇಲೆ ನಿದ್ದೆಹೋಗಿದ್ದಳು.

ಬೆರಿಲ್ ಮನೆ ತಲುಪಿದವಳೇ ಗುಡಿಸಲಿನಿಂದ ಮಗಳ ಚಾಪೆ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

“ಇವತ್ತಿಂದ ಅವಳು ನನ್ನ ಅಡುಗೆಮನೇಲಿ ಮಲಗ್ತಾಳೆ ಅತ್ತೆ.”

“ಮಗು ಸತ್ತುಹೋಗತ್ತೆ ಕಣೇ! ಹಟ ಮಾಡಬೇಡ!”

“ನೀವು ಎಬ್ಬಿಸಿ ಎಬ್ಬಿಸಿ ಸಾಯಿಸ್ತಿದೀರ! ತಲೆ ನೆಟ್ಟಗಿದೆಯಾ ನಿಮಗೆ?” ಅಂದುಬಿಟ್ಟಳು ಸೊಸೆ. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಗೆ ಹಾಗೆ ಎದುರು ನುಡಿದವಳಲ್ಲ. ಅಂದ ಮೇಲೆ ತಾನೇ ಬೆದರಿ, ಚಾಪೆ ಎದೆಗವುಚಿಕೊಂಡು ಅಂಗಳ ದಾಟಿ, ಮನೆಯಿಂದ ಬೇರೆಯಾಗಿದ್ದ ಅಡುಗೆಮನೆಗೆ ಹೋದಳು.

ವಾರ ಕಳೆಯಲಿಲ್ಲ, ಅದೋಯೊ ಬದಲಾದಳು. ಗಂಜಿ ಕುಡಿದು ಪಾತ್ರೆ ಕೆರೆದಳು, ಶಾಲೆಗೆ ಓಡುತ್ತಾ ಹೋದಳು, ಪಕ್ಕದ ಮನೆಯ ಹುಡುಗನ ಜೊತೆ ಜುಟ್ಟು ಹಿಡಿದು ಜಗಳವಾಡಿ ಗೆದ್ದೂ ಬಂದಳು. ಇದನ್ನೆಲ್ಲ ಗುಡಿಸಲಿನ ನೆರಳಲ್ಲಿ ಕೂತು ನೋಡಿದ ಸಿಪ್ರೋಸಾಳಿಗೆ ನಗು ಬರುತ್ತಿತ್ತು, ನಗುತ್ತಿದ್ದ ಹಾಗೆಯೇ ತಲೆ ಗಿರ್ರೆನ್ನುತ್ತಿತ್ತು. ಹಾಗಾದರೆ ರೋಗ ಅಂದುಕೊಂಡಿದ್ದು ತನ್ನ ಕೈಯೇನಾ? ಅದೇ ಮಾತು ಒಗೋಲಾನನ್ನು ಕೊಂದಿತು, ಅದೇ ಮಾತು ಇವಳನ್ನು ಉಳಿಸಿತು. ಅಂದು ಬಿಟ್ಟಿದ್ದು ತಪ್ಪು, ಇಂದು ಬಿಡದೆ ಇದ್ದದ್ದು ತಪ್ಪು. ಮಲಗಿದ ಮಗುವನ್ನು ಮುಟ್ಟಬೇಕೋ, ಮುಟ್ಟಬಾರದೋ? ಯಾರನ್ನು ಕೇಳುವುದು? ದೇವರನ್ನೇ ಕೇಳಿದಳು.

ಶುಕ್ರವಾರ ಸಂಜೆ ಅದೋಯೊ ಚಾಪೆ ಎಳೆದುಕೊಂಡು ತಾನಾಗಿ ಬಂದಳು. “ಅಡುಗೆಮನೇಲಿ ಬರೀ ಹೊಗೆ ಅಜ್ಜಿ. ನಾನಿಲ್ಲೇ ಮಲಗ್ತೀನಿ.”

ಹಿಂದೆಯೇ ಬಂದ ಬೆರಿಲ್ ಬಾಗಿಲ ಹೊರಗೇ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಮಾತು ಗಟ್ಟಿಯಾಗಿತ್ತು. “ಅತ್ತೆ, ಒಂದೇ ಒಂದು ಸಲ ಎಬ್ಬಿಸಿದ್ರೂ ಇವಳನ್ನ ನನ್ನ ತವರಿಗೆ ಕಳಿಸಿಬಿಡ್ತೀನಿ. ಅಲ್ಲೇ ಓದ್ಕೋತಾಳೆ. ಆಮೇಲೆ ನನ್ನ ಬಯ್ಬೇಡಿ.”

ಆ ರಾತ್ರಿ ಮುದುಕಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ಕೈ ಚಾಚಲಿಲ್ಲ, ಅಷ್ಟೇ. ಬೆಳಗಾಯಿತು. ಶನಿವಾರ, ಶಾಲೆಯಿಲ್ಲ. ಬೆರಿಲ್ ಅಂಗಳ ಗುಡಿಸಿದಳು, ಹಸು ಕರೆದಳು, ಕರೆಯುತ್ತಲೇ ಗುಡಿಸಲಿನ ಬಾಗಿಲಿನ ಮೇಲೆ ಒಂದು ಕಣ್ಣಿಟ್ಟಿದ್ದಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಕೋಳಿಯೊಂದು ಹುಡುಗಿಯ ತಲೆಯ ಹತ್ತಿರವೇ ನೆಲ ಕೆದಕಿ ಹೋಯಿತು. ಅದೋಯೊ ಕದಲಲಿಲ್ಲ.

ಸಿಪ್ರೋಸಾ ಹತ್ತಿರ ಸರಿದು ಕೂತಳು. ಮಗುವಿನ ಬಾಯಿ ಅರೆ ತೆರೆದಿತ್ತು. ಕೊನೆಯ ದಿನಗಳಲ್ಲಿ ಒಗೋಲಾನ ಬಾಯಿಯೂ ಹೀಗೆಯೇ ಇತ್ತು, ಹೀಗೆಯೇ ಬಿಸಿಲು ಮುಖಕ್ಕೆ ಬಿದ್ದರೂ ಅವನು ಎದ್ದಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಎಬ್ಬಿಸಿದರೆ ಮಗು ಸೊಸೆಯ ತವರಿನ ಪಾಲು, ಎಬ್ಬಿಸದಿದ್ದರೆ ಯಾರ ಪಾಲೋ! ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಅವುಗಳ ಮೇಲೆಯೇ ಕೂತುಬಿಟ್ಟಳು. ಹಾಗೆಯೇ ಕೂತಳು, ಬಿಸಿಲು ಗೋಡೆಗೆ ಹತ್ತುವವರೆಗೆ. ಅಳುವ ಸದ್ದಿಗೂ ಮಗು ಎದ್ದೀತೆಂದು ಸದ್ದಿಲ್ಲದೆ ಅತ್ತಳು.

ಅದೋಯೊ ಒಮ್ಮೆ ಮಗ್ಗುಲಾದಳು. ಕಾಲು ಚಾಚಿದಳು, ಆ ಕಾಲು ಚಾಪೆ ದಾಟಿ ಎಷ್ಟೋ ದೂರ ಹೋಯಿತು. ಆಮೇಲೆ ಯಾರೂ ಕರೆಯದೆ, ಯಾರೂ ಮುಟ್ಟದೆ ಕಣ್ಣು ಬಿಟ್ಟಳು.

ಇಷ್ಟು ತಿಂಗಳಲ್ಲಿ ಸಿಪ್ರೋಸಾ ಇದನ್ನು ನೋಡಿಯೇ ಇರಲಿಲ್ಲ. ನೋಡಲು ತನ್ನನ್ನು ತಾನೇ ಬಿಟ್ಟಿರಲಿಲ್ಲ.

“ಯಾಕಜ್ಜಿ ಅಳ್ತಿದೀಯ? ಯಾರಾದ್ರೂ ಸತ್ತರಾ?”

“ನೀನೇ ಎದ್ಯಲ್ಲೇ...”

“ಮತ್ತಿನ್ನೇನು, ನಾನೇ ಏಳದೆ!” ಹುಡುಗಿ ಬಾಯಿತುಂಬ ಆಕಳಿಸಿದಳು. “ಹೊಟ್ಟೆ ಹಸೀತಿದೆ.”

ಮುದುಕಿ ಏಳಲು ನೋಡಿದಳು, ಕೈಗಳೆರಡೂ ಜೋಮು ಹಿಡಿದು ಊರಲು ಬರಲಿಲ್ಲ. ಅದೋಯೊ ನಗುತ್ತಾ ಅವನ್ನು ಹಿಡಿದು ತಿಕ್ಕಿದಳು. ಸಿಪ್ರೋಸಾ ಮೊಮ್ಮಗಳ ಮುಖವನ್ನೇ ನೋಡಿದಳು, ಹೊರಗಿನ ಬಿಸಿಲನ್ನು ನೋಡಿದಳು.

“ಗಂಜಿ ಆಗೋಕೆ ಇನ್ನೂ ಹೊತ್ತಿದೆ ಕಣೇ,” ಅಂದಳು. “ಅಲ್ಲೀವರೆಗೂ... ಇನ್ನೊಂದು ಚೂರು ಮಲಗಿರ್ತೀಯೇನೇ?”