ನಾಲ್ಕು ಬೆರಳು ಗಿಡ್ಡವಾದ ಹುಡ್

ಇನ್ನಂಜೆಯ ವಲೇರಿಯನ್ ಬಹರೈನಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಹಾಯಾಗಿ ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ. ಕಾಪುವಿನಲ್ಲಿ ಯಾರದೋ ಕೊಟ್ಟಿಗೆಯೊಳಗೆ ಕೋಳಿಗಳು ಮೊಟ್ಟೆಯಿಡಲು ಬಳಸುತ್ತಿದ್ದ, ಅರುವತ್ತರ ದಶಕದ ಹೆರಾಲ್ಡ್ ಕಾರೊಂದನ್ನು ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ತಲೆಯ ಮೇಲೆ ತಗಡಿಲ್ಲದ, ಬೇಕಾದಾಗ ಬಟ್ಟೆಯ ಹುಡ್ ಎಳೆದುಕೊಳ್ಳುವ ಓಪನ್ ಕಾರು ಅದು. ಆ ಹುಡ್ ಎಂದೋ ಇಲಿಗಳ ಪಾಲಾಗಿತ್ತು.

ಕಾರು ಓಡುವಂತಾದ ಹುರುಪಿನಲ್ಲಿ ಅವರು ಹೆಂಡತಿ ಸೆಲೀನ್ ಅವರನ್ನು ಕೂರಿಸಿಕೊಂಡು ಕಟಪಾಡಿಯಲ್ಲೊಂದು ಹೊಸ ಮನೆಯ ಒಕ್ಕಲಿಗೆ ಹೊರಟರು. ದಾರಿಯಲ್ಲಿ ಮಳೆ ಸುರಿಯಿತು. ಸೆಲೀನ್ ರೇಷ್ಮೆ ಸೀರೆಯಿಂದ ನೀರು ಹಿಂಡುತ್ತಾ ಜನರ ನಡುವೆ ಕಾಲಿಟ್ಟರು. ನೆನೆದದ್ದಕ್ಕಿಂತ ಹೆಚ್ಚು ನೋವಾದದ್ದು ಎಲ್ಲರೂ ಓಡಿ ಬಂದು ಟವೆಲ್ ಕೊಟ್ಟಾಗ.

"ಮಳೆ ಬಂದರೆ ಮುಚ್ಚುವ ಹುಡ್ ಆದ ಮೇಲೆ ಹೇಳಿ. ಅಲ್ಲಿಯವರೆಗೆ ನನಗೆ ಬಸ್ಸು ಉಂಟು" ಎಂದರು ಮನೆಗೆ ಬಂದು.

ಹೇಳಿದಂತೆಯೇ ನಡೆದುಕೊಂಡರು. ಭಾನುವಾರ ಇಗರ್ಜಿಗೆ ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ. ಬಸ್ಸು ಕಾರನ್ನು ಹಿಂದೆ ಹಾಕುವಾಗ ಸೆಲೀನ್ ಕಿಟಕಿಯಿಂದ ಕೈ ಬೀಸಿದ್ದೂ ಉಂಟು. ಊರೆಲ್ಲ ನಕ್ಕರೂ ವಲೇರಿಯನ್‌ಗೆ ನಗು ಬರುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿಯಿಲ್ಲದ ಮೇಲೆ ಇಷ್ಟೆಲ್ಲ ಉಜ್ಜಿ ತಿಕ್ಕಿದ್ದು ಯಾರಿಗಾಗಿ ಎಂದು ಒಳಗೊಳಗೇ ಕೊರಗುತ್ತಿದ್ದರು. ಈ ಮೇ ತಿಂಗಳಲ್ಲಿ ಮದುವೆಯಾಗಿ ನಲವತ್ತು ವರ್ಷ ತುಂಬುವುದಿತ್ತು. ಆ ದಿನ ಇಬ್ಬರೂ ಅದೇ ಕಾರಿನಲ್ಲಿ ಕಾರ್ಕಳದ ಅತ್ತೂರು ಇಗರ್ಜಿಗೆ ಹೋಗಬೇಕು ಎಂಬುದೊಂದೇ ಅವರ ಆಸೆ. ಹುಡ್ ಆದರೆ ಬರುತ್ತೇನೆ ಎಂದು ಸೆಲೀನ್ ಮಾತು ಕೊಟ್ಟರು.

ವಲೇರಿಯನ್ ತಮ್ಮ ಬಳಗದ ಮೊರೆ ಹೋದರು. ಉಡುಪಿ ಸುತ್ತಿನಲ್ಲಿ ಹಳೇ ಓಪನ್ ಕಾರು ಸಾಕಿಕೊಂಡವರ ವಾಟ್ಸಾಪ್ ಗುಂಪೊಂದಿದೆ. ಇರುವುದು ಬೆರಳೆಣಿಕೆಯ ಮಂದಿ, ಸಲಹೆಗೆ ಮಾತ್ರ ಬರವಿಲ್ಲ. ಬೀಚಿಗೆ ಹೋಗಿ ಬಂದರೆ ಕಾರಿನ ಅಡಿಯನ್ನು ಬಾವಿ ನೀರಿನಲ್ಲಿ ತೊಳೆಯಿರಿ, ಉಪ್ಪು ಗಾಳಿಗೆ ತಗಡು ಉಳಿಯುವುದಿಲ್ಲ. ಸೀಟಿನಡಿ ನುಸಿಗುಳಿಗೆ ಇಡಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಇಂಜಿನ್ ಸ್ಟಾರ್ಟ್ ಮಾಡಿ. ಯಾರಾದರೂ ಒಂದು ತೊಂದರೆ ಹೇಳಿಕೊಂಡರೆ ಸಾಕು, ಬೆಳಗಿನ ಚಹಾ ಆರುವುದರೊಳಗೆ ಒಂದಕ್ಕೊಂದು ತಾಳೆಯಾಗದ ಹತ್ತು ಮದ್ದುಗಳು ಬಂದು ಬೀಳುತ್ತವೆ.

ಹುಡ್‌ನ ಮಾತು ಬಂದಾಗ ಅದೇ ಗುಂಪಿನ, ಅಲೆವೂರಿನ ದೇವದಾಸರು ಖುದ್ದಾಗಿ ಬಂದರು. ಮಲ್ಪೆಯಲ್ಲಿ ದೋಣಿಗಳಿಗೆ ಟರ್ಪಾಲು ಹೊಲಿಯುವವರಿಂದ ದಪ್ಪ ಹತ್ತಿಯ ಕ್ಯಾನ್ವಾಸಿನಲ್ಲಿ ಹೊಸ ಹುಡ್ ಹೊಲಿಸಿ ತಂದಾಗಿತ್ತು. ದೇವದಾಸರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಇದು ಸಾಲದು ವಲೇರಿಯನ್ ಪೊರ್ಬುಗಳೇ. ಚೆಂಡೆಯ ಹಾಗೆ ಬಿಗಿ ಇರಬೇಕು. ಇಲ್ಲದಿದ್ದರೆ ಗಾಳಿಗೆ ಪಟಪಟ ಅಂತ ಹೊಡೆಯುತ್ತದೆ. ನಡುವಲ್ಲಿ ಒಂದು ಮಡಿಕೆ ಹಿಡಿದು ಹೊಲಿಸಿ."

ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಸೆಲೀನ್ ತಿರುಗಿದರು. "ಹೊಸ ಹತ್ತಿ ಬಟ್ಟೆ ಅಲ್ವಾ? ನೀರಲ್ಲಿ ನೆನೆಸದೆ ಬಿಗಿ ಮಾಡಿದರೆ ಆಮೇಲೆ ಕುಗ್ಗುತ್ತದೆ. ನನ್ನ ಹೊಸ ಲಂಗ ಒಗೆದ ಮೇಲೆ ಎಲ್ಲಿಗೆ ಬಂತು, ನೋಡಿದ್ದೀರಲ್ಲ."

"ಇದು ಕಾರಿನ ಹುಡ್ ಮಾರಾಯ್ತಿ, ಲಂಗ ಅಲ್ಲ" ಎಂದರು ವಲೇರಿಯನ್. ದೇವದಾಸರೂ ತಲೆಯಾಡಿಸಿದರು. ಗಂಡಸರಿಬ್ಬರು ಕಾರಿನ ಪಕ್ಕ ನಿಂತಾಗ ಅವರಿಗೆ ಬರುವ ಗತ್ತೇ ಬೇರೆ. ಮಡಿಕೆ ಬಿತ್ತು. ಉರಿಬಿಸಿಲಿನಲ್ಲಿ ಎಳೆದು ಕೂರಿಸಿದಾಗ ಹುಡ್ ಅಳತೆಗೆ ಸರಿಯಾಗಿ ಕಚ್ಚಿಕೊಂಡಿತು.

ಎಲ್ಲ ಸರಿಯಿತ್ತು. ಆದರೆ ಹೊರಡುವ ಮುನ್ನಾದಿನ ವಲೇರಿಯನ್ ಚೊಕ್ಕಟವಾಗಿರಲೆಂದು ಹುಡ್ ಬಿಚ್ಚಿ, ಸಾಬೂನು ಹಾಕಿ ತೊಳೆದು, ಒಣಗಿಸಿ, ಕಬ್ಬಿಣದ ಸರಳುಗಳಿಗೆ ತಿರುಗಿ ಸಿಕ್ಕಿಸಿ, ಹಿಂದೆ ಮಡಚಿಟ್ಟರು. ಮತ್ತೆ ಎಳೆದು ನೋಡುವ ಗೋಜಿಗೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಸೆಲೀನ್ ಹಸಿರು ರೇಷ್ಮೆಯುಟ್ಟು ಪಕ್ಕದ ಸೀಟಿನಲ್ಲಿ ಕುಳಿತಾಗ ವಲೇರಿಯನ್‌ಗೆ ಕಾರು ಸ್ಟಾರ್ಟ್ ಮಾಡುವುದೇ ಮರೆತುಹೋಯಿತು. ಮಣಿಪಾಲದಲ್ಲಿ ದೇವದಾಸರ ಹಳೇ ಜೀಪು ಜೊತೆಯಾಯಿತು. ಅವರ ಹಿಂದೆ ಹೆಂಡತಿ ಗುಣವತಿ ತಮ್ಮ ಹೊಸ, ಎಸಿಯ, ಗಟ್ಟಿ ಮಾಡಿನ ಕಾರಿನಲ್ಲಿ ಬಂದರು. ಜೀಪಿನ ಮೇಲೆ ಅವರಿಗೂ ಅಷ್ಟೇ ನಂಬಿಕೆ.

ಹಿರಿಯಡ್ಕ ದಾಟಿ ಬೈಲೂರು ಹತ್ತಿರವಾಗುವಾಗ ಮಳೆಯ ದಪ್ಪ ಹನಿಗಳು ಬಿದ್ದವು. ವಲೇರಿಯನ್ ಹೆಮ್ಮೆಯಿಂದಲೇ ಕಾರು ನಿಲ್ಲಿಸಿ ಹುಡ್ ಎಳೆದರು. ಅದು ಮುಂದಿನ ಗಾಜಿನ ಹತ್ತಿರ ಬಂದು ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು. ಇನ್ನೊಮ್ಮೆ ಎಳೆದರು. ದೇವದಾಸರು ಓಡಿ ಬಂದು ಎಳೆದರು. ಇಬ್ಬರೂ ಸೇರಿ ಹಗ್ಗಜಗ್ಗಾಟ ಮಾಡಿದರೂ ಹುಡ್ ಜಪ್ಪಯ್ಯ ಅನ್ನಲಿಲ್ಲ. ಮಳೆ ಜೋರಾಯಿತು. ಆ ಸಂದಿಯಿಂದ ನೀರು ನೇರವಾಗಿ ಸೆಲೀನ್ ಅವರ ಮಡಿಲಿಗೇ ಸುರಿಯಿತು.

ಗುಣವತಿ ತಮ್ಮ ಕಾರಿನ ಬಾಗಿಲು ತೆರೆದರು. "ಸೆಲೀನ್ ಬಾಯಿ, ನೀವು ಇದರಲ್ಲಿ ಬನ್ನಿ. ಇವರು ಎಂತ ಬೇಕಾದರೂ ಮಾಡಿಕೊಳ್ಳಲಿ."

ಸೆಲೀನ್ ಇಳಿದರು. ಈಗ ಹೋದರೆ ಇನ್ನೆಂದೂ ಈ ಕಾರು ಹತ್ತುವವಳಲ್ಲ ಎಂದು ವಲೇರಿಯನ್‌ಗೆ ಗೊತ್ತಿತ್ತು. ದೇವದಾಸರು ಪಕ್ಕದಲ್ಲಿ, ಕಬ್ಬಿಣದ ಸರಳನ್ನು ಸ್ವಲ್ಪ ಬಗ್ಗಿಸುವ, ಸೋಪು ಹಚ್ಚುವ ಎಂದು ಹೇಳುತ್ತಲೇ ಇದ್ದರು. ವಲೇರಿಯನ್ ಅವರ ಕಡೆ ತಿರುಗಲಿಲ್ಲ.

"ಸೆಲೀನ್, ನೀನು ಅವತ್ತೇ ಹೇಳಿದೆ, ನಾನು ಕೇಳಲಿಲ್ಲ. ಈಗ ಎಂತ ಮಾಡುವ, ನೀನೇ ಹೇಳು."

ಸೆಲೀನ್ ಗಂಡನ ಮುಖವನ್ನೊಮ್ಮೆ ನೋಡಿದರು. ಈ ಕಾರು ಅಂಗಳಕ್ಕೆ ಬಂದ ಮೇಲೆ ಅದರ ಬಗ್ಗೆ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಗುಣವತಿಯಿಂದ ಒಂದು ಸಣ್ಣ ಕತ್ತರಿ ಇಸಕೊಂಡು, ಕೊಡೆ ಹಿಡಿಯಲು ದೇವದಾಸರಿಗೆ ಅಪ್ಪಣೆ ಕೊಟ್ಟು, ಹಿಂದಿನ ಸೀಟಿನ ಮೇಲೆ ಮಂಡಿಯೂರಿದರು. ಹುಡ್‌ನ ನಡುವೆ ಬಿದ್ದಿದ್ದ ಆ ಬಿಗಿ ಮಡಿಕೆಯ ಹೊಲಿಗೆಯನ್ನು ತುದಿಯಿಂದ ತುದಿಗೆ ಬಿಚ್ಚಿದರು.

"ಈಗ ಎಳೆಯಿರಿ. ಮೆಲ್ಲಗೆ."

ಹುಡ್ ಮುಂದೆ ಬಂತು, ಗಾಜಿನ ಅಂಚಿಗೆ ತಾಗಿತು, ಕೊಂಡಿ ಟಕ್ಕೆಂದು ಬಿತ್ತು. ಅದೇ ಹೊತ್ತಿಗೆ ಮಳೆಯೂ ನಿಂತಿತು. ಮೋಡ ಸರಿದು, ಏನೂ ಆಗಿಯೇ ಇಲ್ಲವೆಂಬಂತೆ ಬಿಸಿಲು ಬಂತು. ಗುಣವತಿ ಮೊದಲು ನಕ್ಕರು, ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ದೇವದಾಸರ ನಗು ಮಾತ್ರ ಸ್ವಲ್ಪ ಸಣ್ಣದಿತ್ತು.

"ಇನ್ನು ಇಳಿಸುವ ಅಲ್ವಾ?" ಎಂದರು ವಲೇರಿಯನ್.

"ಯಾಕೆ? ನಾನು ಸರಿ ಮಾಡಿದ ಹುಡ್. ಅತ್ತೂರಿನವರೆಗೆ ಹಾಗೇ ಇರಲಿ" ಎಂದು ಸೆಲೀನ್ ಒದ್ದೆ ಸೀರೆಯಲ್ಲೇ ಮುಂದಿನ ಸೀಟಿಗೆ ಬಂದು ಕುಳಿತರು.

ಹೀಗೆ ಕಾರ್ಕಳದ ದಾರಿಯಲ್ಲಿ ಸುಡುಬಿಸಿಲಿಗೆ ಹುಡ್ ಮುಚ್ಚಿಕೊಂಡು ಓಪನ್ ಕಾರೊಂದು ಹೋಯಿತು. ಒಳಗೆ, ಇಡ್ಲಿಯಂಥ ಸನ್ನವನ್ನು ಹಬೆಯಲ್ಲಿ ಬೇಯಿಸುವ ತೊಂದೂರು ಪಾತ್ರೆಯಷ್ಟು ಸೆಕೆ. ವಲೇರಿಯನ್ ಬೆವರಿನಲ್ಲಿ ತೊಯ್ದಿದ್ದರು. ಇಷ್ಟು ಸಂತೋಷ ಅವರಿಗೆ ಕಾರು ಮೊದಲ ಸಲ ಸ್ಟಾರ್ಟ್ ಆದ ದಿನವೂ ಆಗಿರಲಿಲ್ಲ. ಏರು ಸಿಕ್ಕಿತು.

"ಇಂಜಿನ್ ಕೂಗುತ್ತಾ ಉಂಟು. ಗೇರು ಬದಲಿಸಿ" ಎಂದರು ಸೆಲೀನ್.

ವಲೇರಿಯನ್ ಬದಲಿಸಿದರು.