ಮಡಿಕೆ ಬಿಚ್ಚದ ರವಿಕೆ ಕಣ

ನಾನು ಒಂದು ರವಿಕೆ ಕಣ. ಬಣ್ಣ ಹಾಗಲಕಾಯಿ ಹಸಿರು. ಹುಟ್ಟಿದ್ದು ಕೈಮಗ್ಗದಲ್ಲಿ, ಅಪ್ಪಟ ಹತ್ತಿಯಿಂದ. ಮಗ್ಗದಿಂದ ಇಳಿದಾಗ ಗಾಳಿಗೆ ಹಾರಾಡಿದ ನೆನಪಿದೆ. ಆಮೇಲೆ ಅಂಗಡಿಯವನು ನನ್ನನ್ನು ಮಡಿಸಿ, ಗುಂಡುಪಿನ್ನು ಚುಚ್ಚಿ, ಪ್ಲಾಸ್ಟಿಕ್ ಕವರಿಗೆ ತುರುಕಿದ. ಅಲ್ಲಿಂದ ನನ್ನ ಸೆರೆವಾಸ.

ಗೃಹಪ್ರವೇಶ, ಸೀಮಂತ, ವರಮಹಾಲಕ್ಷ್ಮಿ ಹಬ್ಬ ಎಂದು ಮನೆಯಿಂದ ಮನೆಗೆ ತಿರುಗಿದೆ. ಎಲೆಅಡಿಕೆ, ತೆಂಗಿನಕಾಯಿಯ ಜೊತೆ ಕೈ ಬದಲಾಯಿಸುತ್ತಿದ್ದೆ. ಕಾಯಿ ಮರುದಿನವೇ ಚಟ್ನಿಯಾಗುತ್ತಿತ್ತು. ನಾನು ಬೀರುವಿನ ಕತ್ತಲಿಗೆ ಹೋಗುತ್ತಿದ್ದೆ. ಅಲ್ಲಿ ನನ್ನಂಥವರ ರಾಶಿಯೇ ಇರುತ್ತಿತ್ತು. ಪ್ರತಿ ಸಲ ಬಾಗಿಲು ತೆರೆದಾಗಲೂ ದರ್ಜಿಯ ಬಳಿ ಒಯ್ಯುತ್ತಾರೇನೋ ಎಂದು ಕಾಯುತ್ತಿದ್ದೆ. ಪಿನ್ನು ತುಕ್ಕು ಹಿಡಿಯಿತು. ಮಡಿಕೆಗಳು ಬಿಳಿಚಿಕೊಂಡವು.

ಕೊನೆಗೆ ತುಮಕೂರಿನ ಅಂಬುಜಾಕ್ಷಿಯವರ ಬೀರು ಸೇರಿದೆ. ಗೌರಿಹಬ್ಬದ ದಿನ ತಾಂಬೂಲದ ತಟ್ಟೆ ಜೋಡಿಸಲು ಅವರ ನಾದಿನಿ ವಿಮಲಾ ಅಡುಗೆಮನೆಯಲ್ಲಿ ಕೂತಿದ್ದಳು. ಗಂಡ ತೀರಿಹೋದ ಮೇಲೆ ಅವಳು ತವರಿನ ಹಬ್ಬಕ್ಕೆ ಬಂದರೂ ಅಲ್ಲಿಂದ ಹೊರಗೆ ಬರುತ್ತಿರಲಿಲ್ಲ. ಕವರಿನ ಹರಿದ ತುದಿಯಲ್ಲಿ ಬೆರಳು ತೂರಿಸಿ ನನ್ನನ್ನು ಮುಟ್ಟಿ ನೋಡಿದಳು.

"ಒಳ್ಳೆ ಹತ್ತಿ ಬಟ್ಟೆ, ಅತ್ತಿಗೆ. ಸೆಕೆಗೆ ಹಾಯಾಗಿರುತ್ತೆ."

"ಅದನ್ನ ಯಾರು ಹೊಲಿಸ್ತಾರೆ? ಕೊಡಬೇಕಲ್ಲ ಅಂತ ಕೊಡೋದು."

"ಹಾಗಾದ್ರೆ ನಂಗೆ ಕೊಡಿ."

ಅಂಬುಜಾಕ್ಷಿಯವರ ಕೈ ನಿಂತಿತು. "ಮುತ್ತೈದೆಯರಿಗೆ ಅಂತ ಇಟ್ಟಿರೋದು ಕಣೆ," ಎಂದರು, ಅವಳ ಮುಖ ನೋಡದೆ.

ವಿಮಲಾ ನನ್ನನ್ನು ತಟ್ಟೆಯಲ್ಲಿಟ್ಟಳು. ಆಗ ನನಗೆ ಅನ್ನಿಸಿತು, ಕವರಿನೊಳಗೆ ಇರುವವಳು ನಾನೊಬ್ಬಳೇ ಅಲ್ಲ.

ಸಂಜೆ ಬಂದ ಪಕ್ಕದ ಮನೆಯವರು ಕುಂಕುಮ ತೆಗೆದುಕೊಂಡು, ಕಾಯಿಯನ್ನಷ್ಟೇ ಚೀಲಕ್ಕೆ ಹಾಕಿ, ನನ್ನನ್ನು ಸೋಫಾದ ಮೇಲೆ ಬಿಟ್ಟು ಹೊರಟರು. ಅಂಬುಜಾಕ್ಷಿ ಬಾಗಿಲು ಹಾಕಿ ಬಂದು ನನ್ನನ್ನು ಕಂಡರು. ಆಮೇಲೆ ಎತ್ತಿಕೊಂಡು ಅಡುಗೆಮನೆಗೆ ನಡೆದರು.

"ತಗೋ ವಿಮಲಾ. ಅವರು ಬಿಟ್ಟು ಹೋದರು."

ವಿಮಲಾ ಕೈ ಚಾಚಲಿಲ್ಲ. "ಬಿಟ್ಟು ಹೋಗಿದ್ದು ಅಂತ ಬೇಡ, ಅತ್ತಿಗೆ. ಕೊಡೋದಾದ್ರೆ ಎಲ್ಲರಿಗೂ ಕೊಟ್ಟ ಹಾಗೆ ಕೊಡಿ."

ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಅದನ್ನು ನೋಡಲಿಲ್ಲ. ಅಂಬುಜಾಕ್ಷಿ ದೇವರ ಮುಂದಿನಿಂದ ತಟ್ಟೆ ತಂದರು. ನಾದಿನಿಯ ಹಣೆಗೆ ಕುಂಕುಮವಿಟ್ಟರು, ಹೂ ಮುಡಿಸಿದರು, ನನ್ನನ್ನು ಅವಳ ಕೈಗಿತ್ತರು. "ಹೊಲಿಸ್ಕೋ. ಮುಂದಿನ ಹಬ್ಬಕ್ಕೆ ಏನು ಬೇಕು ಅಂತ ಮೊದಲೇ ಹೇಳು, ಅದನ್ನೇ ತರ್ತೀನಿ," ಎಂದರು.

ವಿಮಲಾ ಅಲ್ಲೇ ಪಿನ್ನು ಕಿತ್ತು ನನ್ನನ್ನು ಪೂರ್ತಿ ಬಿಡಿಸಿ ಹೆಗಲ ಮೇಲೆ ಹಾಕಿಕೊಂಡಳು. ದರ್ಜಿಯ ಕತ್ತರಿ ಕಂಡಾಗಲೂ ನಾನು ಹೆದರಲಿಲ್ಲ.

ರವಿಕೆಯಾಗಿ ಅವಳ ಬೆವರು ಕುಡಿದೆ, ಬಿಸಿಲಲ್ಲಿ ಒಣಗಿದೆ, ಬಣ್ಣ ಕಳೆದುಕೊಂಡೆ. ಈಗ ನಾನು ಅವಳ ಅಡುಗೆಮನೆಯ ಮಸಿಬಟ್ಟೆ. ಅಲ್ಲಲ್ಲಿ ಸುಟ್ಟಿದ್ದೇನೆ, ಅಂಚು ಪಿಸಿದಿದೆ. ಎಷ್ಟೋ ಬೀರುಗಳಲ್ಲಿ ಹೊಸದಾಗಿಯೇ ಉಳಿದವರ ನೆನಪಾದರೆ ಮರುಕವಾಗುತ್ತದೆ. ಅಷ್ಟರಲ್ಲಿ ಅನ್ನ ಬೆಂದಿರುತ್ತದೆ. ವಿಮಲಾ ನನಗಾಗಿ ಕೈ ಚಾಚುತ್ತಾಳೆ.